ಹೈವೇ ಬೋರ್ಡಿನ ಬೆನ್ನಿಗೊಂದು ಗೂಡುಪೆಟ್ಟಿಗೆ: ಅಮೆರಿಕನ್ ಕೆಸ್ಟ್ರೆಲ್ ಪ್ರಕರಣ

ಅಮೆರಿಕದ ಹೈವೇಲಿ ಹೋಗ್ತಾ ಇದ್ರೆ ಪ್ರತಿ ಎಕ್ಸಿಟ್‌ಗೂ ಮುಂಚೆ ದೊಡ್ಡ ಬೋರ್ಡ್ ಬರತ್ತಲ್ಲ, ಮುಂದಿನ ಊರು ಎಷ್ಟು ಮೈಲಿ, ಪೆಟ್ರೋಲ್ ಎಲ್ಲಿ, ಊಟ ಎಲ್ಲಿ ಅಂತ, ಅದರ ಮುಖ ಎಲ್ಲರೂ ನೋಡ್ತಾರೆ ಬೆನ್ನು ಯಾರೂ ನೋಡಲ್ಲ. ಅಯೋವಾ ರಾಜ್ಯದಲ್ಲಿ 1980ರ ದಶಕದಲ್ಲಿ ಆ ಬೆನ್ನಿಗೆ ಕೆಲಸ ಕೊಟ್ರು. ರಾನ್ ಆಂಡ್ರ್ಯೂಸ್ ಅಂತ, ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೇಲಿ ಇದ್ದವರು, ಐ-35 ಹೆದ್ದಾರಿಯ ಬೋರ್ಡುಗಳ ಹಿಂದೆ ಮರದ ಪೆಟ್ಟಿಗೆ ಕೂರಿಸೋ ಕೆಲಸ ಶುರು ಮಾಡಿಸಿದ್ರು. ಪೆಟ್ಟಿಗೆಗೆ ಒಂದು ದುಂಡು ತೂತು, ಒಳಗೆ ಒಂದಿಷ್ಟು ಮರದ ಸಿಪ್ಪೆ, ಅಷ್ಟೇ. ಬಾಡಿಗೆಗೆ ಬರಬೇಕಾದ್ದು ಅಮೆರಿಕನ್ ಕೆಸ್ಟ್ರೆಲ್, ಉತ್ತರ ಅಮೆರಿಕದ ಎಲ್ಲಕ್ಕಿಂತ ಚಿಕ್ಕ ಚಾಣ.

ನಾನಿರೋದು ಇದೇ ಅಯೋವಾದಲ್ಲಿ, ವಾರಾಂತ್ಯದಲ್ಲಿ ಈ ಪೆಟ್ಟಿಗೆ ಕೆಲಸಕ್ಕೆ ವಾಲಂಟಿಯರ್ ಆಗಿ ಹೋಗ್ತೀನಿ. ಊರಿನ ಸ್ನೇಹಿತರು ಫೋಟೋ ನೋಡಿ ನಾವೂ ರೋಡ್ ಪಕ್ಕ ಹಾಕಬಹುದಾ ಅಂತ ಕೇಳ್ತಾರೆ, ಅದಕ್ಕೆ ಉತ್ತರ ಕೊಡಬೇಕು ಅಂದ್ರೆ ಎರಡು ರಾಜ್ಯದ ಎರಡು ಹೈವೇ ಕಥೆ ಹೇಳಬೇಕು, ಒಂದು ಅಯೋವಾದ ಐ-35, ಇನ್ನೊಂದು ಐಡಹೋದ ಐ-84. ಎರಡೂ ಕಡೆ ಪೆಟ್ಟಿಗೆ ಒಂದೇ ಥರ, ಹಕ್ಕಿ ಒಂದೇ, ಆದ್ರೆ ಆಗಿದ್ದು ಬೇರೆ ಬೇರೆ.

ಮೊದಲು ಹಕ್ಕಿ ಪರಿಚಯ ಮಾಡಿಕೊಂಡು ಬಿಡೋಣ. ತೂಕ ಸುಮಾರು 80ರಿಂದ 165 ಗ್ರಾಂ, ಅಂದ್ರೆ ಪಾರಿವಾಳಕ್ಕಿಂತ ಎಷ್ಟೋ ಹಗುರ. ಗಂಡಿಗೆ ರೆಕ್ಕೆ ನೀಲಿ ಬೂದು, ಬೆನ್ನು ಇಟ್ಟಿಗೆ ಕೆಂಪು, ಹೆಣ್ಣಿಗೆ ರೆಕ್ಕೆನೂ ಕೆಂಪು ಕಂದು, ಮೇಲೆ ಕಪ್ಪು ಪಟ್ಟೆ. ಕೆನ್ನೆ ಮೇಲೆ ಎರಡು ಕಪ್ಪು ಗೀಟು, ತಲೆಯ ಹಿಂದೆ ಕಣ್ಣಿನ ಥರ ಎರಡು ಚುಕ್ಕೆ. ಮಿಡತೆ, ಹುಲ್ಲಲ್ಲಿ ಓಡಾಡೋ ಗಿಡ್ಡ ಬಾಲದ ಇಲಿ, ಹಲ್ಲಿ ಜಾತಿ, ಸಣ್ಣ ಹಕ್ಕಿ ತಿನ್ನತ್ತೆ. ಗೂಡು ಕಟ್ಟಲ್ಲ, ಮರ ಕೊರೆಯೋಕೂ ಬರಲ್ಲ. ಮರಕುಟಿಗ ಕೊರೆದು ಬಿಟ್ಟ ಪೊಟರೆ, ಒಣಗಿದ ಮರದ ತೂತು, ಹಳೇ ಕಟ್ಟಡದ ಸಂದು, ಇಂಥಾ ಕಡೆ ಸೇರ್ಕೊಂಡು ಅದರ ಬರೀ ತಳದ ಮೇಲೆ 4-5 ಮೊಟ್ಟೆ ಇಡತ್ತೆ. ಹುಲ್ಲು ಕಡ್ಡಿ ಏನೂ ತರಲ್ಲ.

ಈಗ ಅಯೋವಾ ಯೋಚನೆ ಮಾಡಿ. ಒಂದು ಕಾಲಕ್ಕೆ ರಾಜ್ಯದ ಬಹುಪಾಲು ಎತ್ತರದ ಹುಲ್ಲುಗಾವಲು, ಈಗ ಅದರಲ್ಲಿ ನೂರಕ್ಕೆ ಒಂದು ಭಾಗನೂ ಉಳಿದಿಲ್ಲ, ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ ಸೋಯಾ ಮೆಕ್ಕೆಜೋಳ ಸೋಯಾ. ಒಣಗಿದ ಮರ ಕಂಡ್ರೆ ರೈತ ಕಡಿದು ಹಾಕ್ತಾನೆ, ಟ್ರಾಕ್ಟರ್‌ಗೆ ಅಡ್ಡ ಬರತ್ತೆ. ಇಷ್ಟರ ಮಧ್ಯೆ ಹುಲ್ಲು ಅಂತ ಉದ್ದಕ್ಕೂ ಉಳಿದಿರೋದು ಎಲ್ಲಿ ಅಂದ್ರೆ ಹೈವೇ ಅಂಚಲ್ಲಿ. ಸರ್ಕಾರಿ ಜಾಗ, ಉಳುಮೆ ಇಲ್ಲ, ಇಲಿ ಮಿಡತೆ ಎರಡೂ ಇದೆ, ಬೇಟೆಗೆ ಕೂರೋಕೆ ತಂತಿ ಇದೆ ಬೇಲಿ ಇದೆ, ಇಲ್ಲದ್ದು ಪೊಟರೆ ಒಂದೇ. ಆ ಒಂದನ್ನ ಬೋರ್ಡಿನ ಹಿಂದೆ ತಗುಲಿಹಾಕಿದ್ರೆ ಆಯ್ತಲ್ಲ ಅನ್ನೋದು ತರ್ಕ. ಕಬ್ಬಿಣದ ಕಂಬ ಆಗಿರೋದ್ರಿಂದ ಗೂಡಿಗೆ ಕೈ ಹಾಕೋ ರಕೂನ್ ಅನ್ನೋ ಪ್ರಾಣಿಗೆ ಹತ್ತೋದು ಮರ ಹತ್ತಿದಷ್ಟು ಸುಲಭ ಅಲ್ಲ, ಅದೂ ಒಂದು ಲಾಭ. ನಿಜ ಹೇಳ್ಬೇಕು ಅಂದ್ರೆ ತುಂಬಾ ಬುದ್ಧಿವಂತ ಐಡಿಯಾ, ಇವತ್ತಿಗೂ ನಂಗೆ ಹಾಗೇ ಅನ್ಸತ್ತೆ.

ಕೆಲಸನೂ ಆಯ್ತು. ಪೆಟ್ಟಿಗೆ ಹಿಡಿದವು, ಮೊಟ್ಟೆ ಇಟ್ಟವು, ಮರಿ ಹಾರಿದವು. ಡ್ಯಾನಿಯಲ್ ವಾರ್ಲೆಂಡ್ ಅನ್ನೋ ಸಂಶೋಧಕರು ಆಂಡ್ರ್ಯೂಸ್ ಮತ್ತೆ ಇನ್ನೊಬ್ಬರ ಜೊತೆ ಸೇರಿ ಹೈವೇ ಉದ್ದಕ್ಕೂ ಇಂಥಾ ಯೋಜನೆ ಹೇಗೆ ಮಾಡೋದು ಅಂತ 1992ರಲ್ಲಿ ವರದಿ ಬರೆದ್ರು, 1993ರಲ್ಲಿ ಮಧ್ಯ ಅಯೋವಾದ ಹೈವೇ ಗೂಡುಗಳ ಮೇಲೆ ಒಂದು ಪೇಪರ್ ಬಂತು. ಹೈವೇ ಬೋರ್ಡಿಗೆ ಪೆಟ್ಟಿಗೆ ಹಾಕೋದು ಬೇರೆ ರಾಜ್ಯಗಳಲ್ಲೂ ನಡೀತು.

ಕೆಲಸ ಹೇಗೆ ನಡೆಯತ್ತೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಆಮೇಲೆ ಬರೋ ವಾದಕ್ಕೆ ಇದು ಬೇಕು.

ಪೆಟ್ಟಿಗೆ ಮುಕ್ಕಾಲು ಇಂಚೋ ಒಂದು ಇಂಚೋ ದಪ್ಪದ ಪೈನ್ ಅಥವಾ ಸೀಡರ್ ಹಲಗೆದು, ತಳ ಎಂಟೊಂಬತ್ತು ಇಂಚು ಚೌಕ, ಎತ್ತರ ಒಂದೂಕಾಲು ಅಡಿ ಹತ್ರ. ತೂತು 3 ಇಂಚು. ಒಳಗೆ ಪೇಂಟ್ ಹೊಡೆಯಂಗಿಲ್ಲ, ನುಣ್ಣಗೂ ಮಾಡಂಗಿಲ್ಲ, ಮರಿ ದೊಡ್ಡದಾದಾಗ ಉಗುರು ಹಾಕಿ ತೂತಿನ ತನಕ ಹತ್ತಬೇಕಲ್ಲ, ಹಲಗೆ ನುಣ್ಣಗಿದ್ರೆ ಗರಗಸದಲ್ಲಿ ಅಡ್ಡಡ್ಡ ಗೆರೆ ಎಳೀತೀವಿ. ತಳಕ್ಕೆ ನೀರು ಇಳಿಯೋಕೆ ತೂತು, ಮೇಲ್ಗಡೆ ಗಾಳಿಗೆ ಸಂದು, ಒಂದು ಪಕ್ಕಕ್ಕೆ ತೆಗೆಯೋ ಬಾಗಿಲು. ಒಳಗೆ ಎರಡು ಮೂರು ಇಂಚು ರಂದದ ಸಿಪ್ಪೆ ಹಾಕ್ಬೇಕು, ಗರಗಸದ ಪುಡಿ ಬೇಡ, ಅದು ತೇವ ಹಿಡ್ಕೊಂಡು ಮುದ್ದೆ ಆಗತ್ತೆ. ಸಿಪ್ಪೆ ಮರ್ತು ಬರೀ ಹಲಗೆ ಬಿಟ್ರೆ ಮೊಟ್ಟೆ ಉರುಳಾಡತ್ತೆ, ಯಾಕಂದ್ರೆ ಆಗ್ಲೇ ಹೇಳಿದ್ನಲ್ಲ, ಇದು ಕಡ್ಡಿ ತರೋ ಹಕ್ಕಿ ಅಲ್ಲ.

ಎತ್ತರ ಹತ್ತಡಿಯಿಂದ ಇಪ್ಪತ್ತಡಿ, ಮುಖ ಆದಷ್ಟು ಪೂರ್ವಕ್ಕೋ ದಕ್ಷಿಣಕ್ಕೋ, ಎದುರಿಗೆ ತೆರೆದ ಹುಲ್ಲು. ಒಂದು ಪೆಟ್ಟಿಗೆಗೂ ಇನ್ನೊಂದಕ್ಕೂ ಅರ್ಧ ಮೈಲಿ ಅಂತರ ಆದ್ರೂ ಬೇಕು, ಜೋಡಿ ಜೋಡಿಗೆ ಆಗಲ್ಲ. ಚಳಿ ಪೂರ್ತಿ ಹೋಗೋ ಮುಂಚೆನೇ ಎಲ್ಲ ಹಾಕಿ ಮುಗಿದಿರಬೇಕು, ಗಂಡು ಮೊದಲೇ ಬಂದು ಜಾಗ ನೋಡ್ಕೊಂಡು ಕೂತಿರತ್ತೆ, ಏಪ್ರಿಲ್ ಕೊನೆಗೆ ಹಾಕಿದ್ರೆ ಆ ವರ್ಷಕ್ಕೆ ಸ್ಟಾರ್ಲಿಂಗ್‌ಗೆ ಮನೆ ಕಟ್ಕೊಟ್ಟ ಪುಣ್ಯ ಮಾತ್ರ.

ಸ್ಟಾರ್ಲಿಂಗ್ ಅಂದ್ರೆ ನಮ್ಮ ಗೊರವಂಕದ ದಾಯಾದಿ, ಒಂದೇ ಕುಟುಂಬ. ಇಲ್ಲಿಯ ಹಕ್ಕಿ ಅಲ್ಲ, ಯೂರೋಪಿನದು, 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಲ್ಲಿ ಯೂಜಿನ್ ಶೀಫಲಿನ್ ಅನ್ನೋ ಮಹಾನುಭಾವ ಒಂದಷ್ಟು ತಂದು ಬಿಟ್ಟ, ಈಗ ಇಡೀ ಖಂಡ ಅದರದ್ದೇ. ಕೆಸ್ಟ್ರೆಲ್ ನುಗ್ಗೋ ತೂತಲ್ಲಿ ಸ್ಟಾರ್ಲಿಂಗ್ ಆರಾಮಾಗಿ ನುಗ್ಗತ್ತೆ, ಹಾಗಾಗಿ ತೂತು ಚಿಕ್ಕದು ಮಾಡಿ ತಡೆಯೋ ಉಪಾಯ ಇಲ್ಲಿ ನಡಿಯಲ್ಲ. ಬಾಗಿಲು ತೆಗೆದಾಗ ಒಳಗೆ ಹುಲ್ಲು ಕಸ ತುಂಬಿದ್ದು ತಿಳಿನೀಲಿ ಮೊಟ್ಟೆ ಇದ್ರೆ ಅದು ಸ್ಟಾರ್ಲಿಂಗ್, ಕೆನೆ ಬಣ್ಣದ ಮೇಲೆ ಕೆಂಪು ಕಂದು ಚುಕ್ಕೆ ಇದ್ರೆ ಕೆಸ್ಟ್ರೆಲ್. ಸ್ಟಾರ್ಲಿಂಗ್‌ಗೆ 1918ರ ವಲಸೆ ಹಕ್ಕಿ ಕಾಯ್ದೆ ರಕ್ಷಣೆ ಇಲ್ಲ, ಅದರ ಗೂಡು ತೆಗೆದು ಹಾಕಬಹುದು, ತೆಗೆದ್ರೆ ಮತ್ತೆ ತುಂಬತ್ತೆ, ಮತ್ತೆ ತೆಗೀಬೇಕು. ಕೆಸ್ಟ್ರೆಲ್‌ಗೆ ಆ ಕಾಯ್ದೆ ಅನ್ವಯ ಆಗತ್ತೆ, ಮುಟ್ಟೋಕೆ ಉಂಗುರ ಹಾಕೋಕೆ ಲೈಸೆನ್ಸ್ ಇರೋರೇ ಬೇಕು. ನಮ್ಮಂಥೋರು ಉದ್ದ ಕೋಲಿಗೆ ಸಣ್ಣ ಕ್ಯಾಮೆರಾ ಕಟ್ಟಿ ತೂತಿಂದ ಒಳಗೆ ಇಣುಕಿ ಫೋನಲ್ಲಿ ನೋಡ್ಕೊಂಡು ಬರ್ಕೊಳ್ಳೋದು. ಮರಿಗೆ ರೆಕ್ಕೆ ಗರಿ ಬಂದ್ಮೇಲೆ ಗಂಡು ಹೆಣ್ಣು ಬಣ್ಣದಲ್ಲೇ ಗೊತ್ತಾಗತ್ತೆ, ಅದು ಈ ಕೆಲಸದ ಒಂದು ಖುಷಿ. ವಾಸನೆ ಖುಷಿ ಅಲ್ಲ, ಮರಿಗಳು ಹಿಂದೆ ತಿರುಗಿ ಗೋಡೆಗೆ ಪಿಚಕಾರಿ ಹೊಡೀತವೆ, ಜುಲೈ ಹೊತ್ತಿಗೆ ಒಳಗೋಡೆ ಸುಣ್ಣ ಬಳಿದಂಗೆ ಇರತ್ತೆ.

ಕಾವು ಸುಮಾರು 30 ದಿನ, ಆಮೇಲೆ ಮರಿ ಹಾರೋಕೆ ಇನ್ನೊಂದು 30 ದಿನ ಹತ್ರ. ಕೊನೆ ವಾರ ಪೆಟ್ಟಿಗೆ ಹತ್ರ ಹೋಗಬಾರದು, ಗಾಬರಿಗೆ ಮರಿ ಮುಂಚೆನೇ ಹಾರಿಬಿಡತ್ತೆ. ಹೈವೇ ಪಕ್ಕ ಅಂದ್ರೆ ಮುಂಚೆ ಹಾರಿದ ಮರಿ ಎಲ್ಲಿ ಇಳಿಯತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ.

ಇಲ್ಲಿ ತನಕ ಎಲ್ಲ ಚೆನ್ನಾಗಿದೆ. ಈಗ ಐಡಹೋಗೆ ಬನ್ನಿ.

ಐಡಹೋದ ನೈರುತ್ಯಕ್ಕೆ ಬಾಯ್ಸಿ ಅಂತ ಊರು, ಬೇಟೆ ಹಕ್ಕಿ ಕೆಲಸಕ್ಕೆ ಒಂಥರಾ ರಾಜಧಾನಿ, ಬೇಟೆ ಹಕ್ಕಿಗಳನ್ನ ಉಳಿಸೋ ದಿ ಪೆರಿಗ್ರಿನ್ ಫಂಡ್ ಅನ್ನೋ ಸಂಸ್ಥೆ ಇರೋದೂ ಅಲ್ಲೇ. ಆ ಸುತ್ತಮುತ್ತ 1980ರ ದಶಕದಿಂದ ಕೆಸ್ಟ್ರೆಲ್ ಪೆಟ್ಟಿಗೆ ನೋಡ್ಕೊಂಡು ಬಂದಿದ್ದಾರೆ. ಪೆಟ್ಟಿಗೆಗಳು ಎಲ್ಲಾ ಥರದ ಕಡೆ ಇದ್ದವು, ಹೊಲದ ಪಕ್ಕ, ಊರಂಚಲ್ಲಿ, ಐ-84 ಹೈವೇ ಬದಿಯಲ್ಲಿ. ಬಾಯ್ಸಿ ಸ್ಟೇಟ್ ಯೂನಿವರ್ಸಿಟಿಯ ಎರಿನ್ ಸ್ಟ್ರಾಸರ್ ಮತ್ತೆ ಜೂಲಿ ಹೀತ್ ಇದನ್ನೇ ಒಂದು ಪ್ರಶ್ನೆ ಮಾಡ್ಕೊಂಡ್ರು. ಮನುಷ್ಯರ ಪಕ್ಕ ಬದುಕೋದು ಅಭ್ಯಾಸ ಆಗಿರೋ ಹಕ್ಕಿ ಅಂತೀವಲ್ಲ ಇದನ್ನ, ಟ್ರಾಫಿಕ್ ಪಕ್ಕ ಗೂಡು ಮಾಡಿದ್ರೆ ನಿಜಕ್ಕೂ ಏನೂ ಆಗಲ್ವಾ? ಅವರ ಪೇಪರ್ 2013ರಲ್ಲಿ ಬಂತು.

ಅವರು ಮಾಡಿದ್ದು ಬರೀ ಮರಿ ಎಣಿಸೋದಲ್ಲ. ಪ್ರತಿ ಪೆಟ್ಟಿಗೆ ಸುತ್ತ ರಸ್ತೆ ಹೇಗಿದೆ, ಟ್ರಾಫಿಕ್ ಹೇಗಿದೆ, ಕಟ್ಟಡ ಎಷ್ಟು ಬಂದಿದೆ ಅಂತ ಲೆಕ್ಕ ಹಾಕಿದ್ರು, ಜೊತೆಗೆ ಹಕ್ಕಿ ಹಿಡಿದು ರಕ್ತದಲ್ಲಿ ಕಾರ್ಟಿಕೋಸ್ಟೆರಾನ್ ನೋಡಿದ್ರು. ಅದು ಹಕ್ಕಿಗಳ ಸ್ಟ್ರೆಸ್ ಹಾರ್ಮೋನ್. ಹಿಡಿದು ಮೂರು ನಿಮಿಷ ದಾಟಿದ್ರೆ ಹಿಡಿದಿದ್ದರ ಗಾಬರಿನೇ ರಕ್ತದಲ್ಲಿ ಕಾಣೋಕೆ ಶುರು ಆಗತ್ತೆ, ಹಾಗಾಗಿ ಈ ಥರ ಕೆಲಸದಲ್ಲಿ ಕೈ ಬಲು ಚುರುಕಾಗಿರಬೇಕು.

ಬಂದ ಉತ್ತರ ಹೀಗಿತ್ತು. ಗದ್ದಲ, ಅಂದ್ರೆ ಟ್ರಾಫಿಕ್ಕು ಕಟ್ಟಡ ಎಲ್ಲ ಸೇರಿ, ಜಾಸ್ತಿ ಇರೋ ಕಡೆ ಗೂಡು ಮಾಡಿದ ಕೆಸ್ಟ್ರೆಲ್, ಗದ್ದಲ ಕಮ್ಮಿ ಇರೋ ಕಡೆ ಮಾಡಿದ್ದಕ್ಕಿಂತ ಸೋಲೋ ಸಾಧ್ಯತೆ 9.9 ಪಟ್ಟು, ಹತ್ತು ಪಟ್ಟು ಅಂತಾನೇ ಇಟ್ಕೊಳ್ಳಿ. ಹೆಣ್ಣುಗಳ ಸ್ಟ್ರೆಸ್ ಹಾರ್ಮೋನ್ ಅಲ್ಲಿ ಜಾಸ್ತಿ, ಹಾರ್ಮೋನ್ ಜಾಸ್ತಿ ಇದ್ದ ಹೆಣ್ಣುಗಳು ಗೂಡು ಬಿಟ್ಟು ಹೋಗಿದ್ದೂ ಜಾಸ್ತಿ. ಗಂಡಿನಲ್ಲಿ ಈ ಸಂಬಂಧ ಕಾಣ್ಲಿಲ್ಲ. ಸೋತ ರೀತಿ ಗಮನಿಸಿ, ಲಾರಿ ಹೊಡೆದು ಸತ್ತಿದ್ದಲ್ಲ, ಹಾವು ನುಂಗಿದ್ದಲ್ಲ. ಮೊಟ್ಟೆ ಇಟ್ಟು, ಕಾವಿಗೆ ಕೂತು, ಮಧ್ಯದಲ್ಲೇ ಎದ್ದು ಹೋಗಿದ್ದು.

ಯಾಕೆ ಅನ್ನೋದಕ್ಕೆ ಅವರು ಕೊಡೋ ವಿವರಣೆ ನಂಗೆ ಒಪ್ಪಿಗೆ ಆಗತ್ತೆ. ಪೆಟ್ಟಿಗೆ ಒಳಗೆ ಕೂತ ಹೆಣ್ಣಿಗೆ ಹೊರಗಿನದು ಕಾಣಲ್ಲ, ಕಿವಿನೇ ಕಾವಲು. ಹೊರಗೆ ಯಾರೋ ಬಂದ್ರು, ಗಂಡು ಕೂಗ್ತು, ಪೆಟ್ಟಿಗೆ ಮೇಲೆ ಏನೋ ಕೆರೀತು, ಇದೆಲ್ಲ ಕೇಳಿಸ್ಬೇಕು. ಹದಿನೆಂಟು ಚಕ್ರದ ಲಾರಿಗಳು ಹಗಲು ರಾತ್ರಿ ಪಕ್ಕದಲ್ಲೇ ಹೋಗ್ತಾ ಇದ್ರೆ ಏನೂ ಕೇಳ್ಸಲ್ಲ, ಅಂದ್ರೆ ಸದಾ ಎಚ್ಚರವಾಗಿರಬೇಕು, ಪದೇ ಪದೇ ಎದ್ದು ಇಣುಕಬೇಕು. ಗಂಡೂ ಹಗಲಲ್ಲಿ ಸ್ವಲ್ಪ ಹೊತ್ತು ಕಾವಿಗೆ ಕೂರತ್ತೆ, ಆದ್ರೆ ಹೆಚ್ಚಿನ ಹೊತ್ತು ಒಳಗಿರೋದು ಹೆಣ್ಣು. ಹಾರ್ಮೋನ್ ವ್ಯತ್ಯಾಸ ಹೆಣ್ಣಲ್ಲೇ ಕಂಡಿದ್ದು ಯಾಕೆ ಅಂತ ಇದರಲ್ಲಿ ಒಂಚೂರು ಅರ್ಥ ಆಗತ್ತೆ.

ನಿಜವಾದ ತೊಂದರೆ ಇನ್ನೊಂದು ಮಗ್ಗುಲಲ್ಲಿದೆ. ಹಕ್ಕಿ ಅಲ್ಲಿಗೆ ಬರೋಕೆ ಹಿಂಜರೀಲಿಲ್ಲ. ಹುಲ್ಲು ನೋಡ್ತು, ಇಲಿ ನೋಡ್ತು, ತೂತು ನೋಡ್ತು, ಸರಿ ಅಂತ ಮೊಟ್ಟೆ ಇಡ್ತು. ಜಾಗ ಕೆಟ್ಟದು ಅಂತ ಗೊತ್ತಾಗಿದ್ದು ಇಟ್ಟ ಮೇಲೆ. ಕಣ್ಣಿಗೆ ಒಳ್ಳೇದಾಗಿ ಕಂಡು ಒಳಗೆ ಕರ್ಕೊಂಡು ಕೆಡಿಸೋ ಇಂಥಾ ಜಾಗಕ್ಕೆ ಪರಿಸರ ವಿಜ್ಞಾನದಲ್ಲಿ ಬಲೆ ಅಂತಾನೇ ಹೇಳ್ತಾರೆ. ಆ ಬಲೆಗೆ ಸ್ಕ್ರೂ ಹಾಕಿದ್ದು ಯಾರು, ವಾಲಂಟಿಯರ್. ಪೆಟ್ಟಿಗೆ ಇಲ್ದೇ ಇದ್ದಿದ್ರೆ ಆ ಜೋಡಿ ಬೇರೆ ಎಲ್ಲಾದ್ರೂ ಹುಡುಕ್ತಿತ್ತೋ ಏನೋ, ಸಿಗ್ತಿತ್ತೋ ಇಲ್ವೋ. ಅದಕ್ಕೇ ಹಕ್ಕಿ ಬಂತು, ಪೆಟ್ಟಿಗೆ ತುಂಬ್ತು ಅಂತ ಫೋಟೋ ಹಾಕಿ ಖುಷಿ ಪಡೋದನ್ನ ನಾನು ಗೆಲುವು ಅಂತ ಲೆಕ್ಕಕ್ಕೆ ತಗೊಳಲ್ಲ. ಮರಿ ಹಾರಿದ ಪೆಟ್ಟಿಗೆ ಎಷ್ಟು, ತಣ್ಣಗಾದ ಮೊಟ್ಟೆ ಇದ್ದ ಪೆಟ್ಟಿಗೆ ಎಷ್ಟು, ಎರಡನ್ನೂ ಬರೀದೇ ಇರೋ ಯೋಜನೆ ಬರೀ ಬಡಗಿ ಕೆಲಸ.

ಹಾಗಾದ್ರೆ ಅಯೋವಾದಲ್ಲಿ ಹೇಗೆ ನಡೀತು? ಇದಕ್ಕೆ ನನ್ನ ಊಹೆ ಒಂದಿದೆ, ಊಹೆ ಅಂತಾನೇ ಓದ್ಕೊಳ್ಳಿ. ಆಂಡ್ರ್ಯೂಸ್ ಶುರು ಮಾಡಿದ ಕಾಲಕ್ಕೆ ಇಡೀ ದೇಶದಲ್ಲಿ ಹೈವೇ ಸ್ಪೀಡ್ ಲಿಮಿಟ್ 55 ಮೈಲಿ, ಅಂದ್ರೆ ಗಂಟೆಗೆ 88 ಕಿಲೋಮೀಟರ್, 1974ರಲ್ಲಿ ಪೆಟ್ರೋಲ್ ಉಳಿಸೋಕೆ ಅಂತ ತಂದಿದ್ದು. 1987ರಲ್ಲಿ ಹಳ್ಳಿಗಾಡಿನ ಹೈವೇಗೆ 65ಕ್ಕೆ ಬಿಟ್ರು, 1995ರಲ್ಲಿ ಕೇಂದ್ರದ ಮಿತಿನೇ ತೆಗೆದು ಹಾಕಿದ್ರು. ಐಡಹೋ 1996ರಲ್ಲಿ 75ಕ್ಕೆ ಹೋಯ್ತು, ಅದು 120 ಕಿಲೋಮೀಟರ್. ಅಯೋವಾ 2005ರಲ್ಲಿ 70 ಮಾಡ್ತು. ಸ್ಪೀಡ್ ಜಾಸ್ತಿ ಆದಂಗೆ ಟೈರ್ ಸದ್ದು ಏರತ್ತೆ, ಲಾರಿಗಳೂ ಆಗಿಂದ ಈಗಿಗೆ ಎಷ್ಟೋ ಜಾಸ್ತಿ ಆಗಿವೆ. ಐ-84 ಆ ಭಾಗದಲ್ಲಿ ಬೆಳೀತಿರೋ ಊರಿನ ಪಕ್ಕನೇ ಹಾದು ಹೋಗತ್ತೆ, ಅಯೋವಾದ ಐ-35 ಬಹುಪಾಲು ಬರೀ ಹೊಲದ ಮಧ್ಯೆ. ಅಂದ್ರೆ 1990ರ ಸುಮಾರಿಗೆ ಅಯೋವಾದಲ್ಲಿ ಬಂದ ಒಳ್ಳೇ ಫಲಿತಾಂಶವನ್ನ ಇವತ್ತಿನ ಯಾವುದೋ ಆರು ಲೇನ್ ರಸ್ತೆಗೆ ಹಾಗೇ ಎತ್ತಿ ಅಂಟಿಸೋಕೆ ಆಗಲ್ಲ. ಅದೇ ಥರ ಐಡಹೋ ಪೇಪರ್ ಹಿಡ್ಕೊಂಡು ರಸ್ತೆ ಬದಿ ಪೆಟ್ಟಿಗೆ ಎಲ್ಲಾ ಕಿತ್ತು ಹಾಕಿ ಅನ್ನೋದೂ ಸರಿ ಅಲ್ಲ, ಅವರು ಅಳೆದಿದ್ದು ಎಷ್ಟು ಗದ್ದಲ ಅಂತ, ರಸ್ತೆ ಇದೆಯೋ ಇಲ್ವೋ ಅಂತಷ್ಟೇ ಅಲ್ಲ.

ಇದೆಲ್ಲದಕ್ಕೂ ಹಿಂದೆ ಇನ್ನೊಂದು ದೊಡ್ಡ ವಿಷಯ ಇದೆ. 1966ರಿಂದ ನಡೀತಿರೋ ಹಕ್ಕಿ ಎಣಿಕೆ ಸರ್ವೆ ಪ್ರಕಾರ ಅಮೆರಿಕ ಕೆನಡಾದಲ್ಲಿ ಈ ಕೆಸ್ಟ್ರೆಲ್ ಹತ್ರ ಹತ್ರ ಅರ್ಧಕ್ಕೆ ಇಳಿದಿದೆ. ಪೊಟರೆ ಕಮ್ಮಿ ಆಯ್ತು ಅದಕ್ಕೇ ಹಕ್ಕಿ ಕಮ್ಮಿ ಆಯ್ತು ಅನ್ನೋದು ಕೇಳೋಕೆ ಸುಲಭ, ಪೆಟ್ಟಿಗೆ ಹಾಕಿದ್ರೆ ಸರಿ ಹೋಗತ್ತೆ ಅನ್ನೋ ಧೈರ್ಯನೂ ಬರತ್ತೆ. ಆದ್ರೆ ಜಾನ್ ಸ್ಮಾಲ್‌ವುಡ್ ಮತ್ತೆ ಜೊತೆಗಾರರು 2009ರಲ್ಲಿ ಕೆನಡಾದ ಯೂಕಾನಿಂದ ಅಮೆರಿಕದ ಫ್ಲೋರಿಡಾ ತನಕ ಹಲವು ವರ್ಷ ನಡೆದ ಪೆಟ್ಟಿಗೆ ಯೋಜನೆಗಳ ಲೆಕ್ಕ ಒಟ್ಟಿಗೆ ಇಟ್ಟು ನೋಡಿದ್ರೆ, ಪೆಟ್ಟಿಗೆ ಖಾಲಿ ಇದ್ರೂ ಜೋಡಿ ಕಮ್ಮಿ ಆಗ್ತಾ ಬಂದಿತ್ತು. ಮನೆ ಖಾಲಿ ಇದ್ದೂ ಬಾಡಿಗೆದಾರ ಬರ್ತಿಲ್ಲ ಅಂದ್ರೆ ಕೊರತೆ ಮನೆದಲ್ಲ. ಕೂಪರ್ಸ್ ಹಾಕ್ ಅನ್ನೋ ಡೇಗೆ ಜಾಸ್ತಿ ಆಗಿ ಇವನ್ನ ತಿಂತಿದೆ, ವೆಸ್ಟ್ ನೈಲ್ ವೈರಸ್ ಬಂತು ಅಂತ ಜನ ಹೇಳ್ತಿದ್ರು, ಅವೆರಡೇ ಮುಖ್ಯ ಕಾರಣ ಅನ್ನೋಕೂ ಆ ಪೇಪರ್ ಒಪ್ಪಲಿಲ್ಲ. ಕೀಟನಾಶಕ, ಮಿಡತೆ ಇಲ್ಲದ ಹೊಲ, ಇಲಿ ಪಾಷಾಣ, ಚಳಿಗಾಲದಲ್ಲಿ ಹೋಗೋ ಜಾಗದ ತೊಂದರೆ, ಇವೆಲ್ಲ ಇನ್ನೂ ಚರ್ಚೇಲಿವೆ. ದಿ ಪೆರಿಗ್ರಿನ್ ಫಂಡ್‌ನವರು ಅಮೆರಿಕನ್ ಕೆಸ್ಟ್ರೆಲ್ ಪಾರ್ಟ್‌ನರ್‌ಶಿಪ್ ಅಂತ ಮಾಡಿ ವಾಲಂಟಿಯರ್‌ಗಳಿಂದ ಪೆಟ್ಟಿಗೆ ಲೆಕ್ಕ ಒಂದೇ ಕಡೆ ತರಿಸ್ಕೊಂಡಿದ್ದೂ ಇದಕ್ಕೇ. ನನ್ನ ಮಟ್ಟಿಗೆ ಪೆಟ್ಟಿಗೆಯ ದೊಡ್ಡ ಉಪಯೋಗ ಆ ಲೆಕ್ಕ. ಕಾಡಿನ ಪೊಟರೆ ಒಳಗೆ ಯಾರು ಇಣುಕ್ತಾರೆ, ಪೆಟ್ಟಿಗೆ ಆದ್ರೆ ಬಾಗಿಲು ತೆಗೆದು ನೋಡಬಹುದು.

ಸರಿ, ಇಷ್ಟು ತಿಳಿದ ಮೇಲೆ ಎಲ್ಲಿ ಹಾಕೋದು. ಈಗ ಹೊಸ ಪೆಟ್ಟಿಗೆ ಹಾಕೋಕೆ ನಾನು ಹೇಳೋ ಜಾಗ ಐ-35 ಥರದ ದೊಡ್ಡ ಇಂಟರ್‌ಸ್ಟೇಟ್ ಹೈವೇ ಅಲ್ಲ, ಹಳ್ಳಿ ಕಡೆಯ ಜಲ್ಲಿ ರಸ್ತೆ. ಅಯೋವಾದಲ್ಲಿ ಮೈಲಿಗೊಂದರಂತೆ ಚೌಕ ಚೌಕವಾಗಿ ಇಂಥಾ ರಸ್ತೆ ಹರಡಿವೆ, ಗಂಟೆಗೆ ಎರಡು ಪಿಕಪ್ ಒಂದು ಟ್ರಾಕ್ಟರ್ ಹೋದ್ರೆ ಹೆಚ್ಚು. ಹುಲ್ಲಿನ ಅಂಚು ಅಲ್ಲೂ ಇದೆ, ಇಲಿ ಅಲ್ಲೂ ಇದೆ, ಹಸು ಮೇಯೋ ಹೊಲ ಪಕ್ಕದಲ್ಲಿ ಇದ್ರೆ ಇನ್ನೂ ಒಳ್ಳೇದು. ವಾಲಂಟಿಯರ್‌ಗೂ ಕ್ಷೇಮ. ಹೈವೇ ಅಂಚಲ್ಲಿ ಕಾರ್ ನಿಲ್ಲಿಸಿ ಏಣಿ ಹಾಕೋದು ಅಂದ್ರೆ ಸಾರಿಗೆ ಇಲಾಖೆ ಪರ್ಮಿಷನ್, ಮಿಂಚೋ ಜಾಕೆಟ್, ಗಾಡಿ ಮೇಲೆ ಹಳದಿ ದೀಪ, ಪಕ್ಕದಲ್ಲಿ ಲಾರಿ ಹೋದ್ರೆ ಏಣಿ ಅಲ್ಲಾಡತ್ತೆ, ಇದನ್ನೆಲ್ಲ ಮಕ್ಕಳನ್ನ ಕರ್ಕೊಂಡು ಮಾಡೋಕೆ ಆಗಲ್ಲ. ಜಲ್ಲಿ ರಸ್ತೆಲಿ ರೈತನ ಮನೆ ಬಾಗಿಲು ತಟ್ಟಿ ಕೇಳಿದ್ರೆ ಸಾಕು, ಹೆಚ್ಚಿನವರು ಇಲಿ ತಿನ್ನೋ ಹಕ್ಕಿ ಅಂದ ತಕ್ಷಣ ಹೂಂ ಅಂತಾರೆ, ಕಂಬನೂ ತಾವೇ ನಿಲ್ಸಿಕೊಡ್ತಾರೆ. ಕರೆಂಟ್ ಕಂಬಕ್ಕೆ ಮಾತ್ರ ಕಂಪನಿ ಕೇಳದೆ ಮೊಳೆ ಹೊಡೀಬೇಡಿ.

ಈಗಾಗ್ಲೇ ಹೈವೇ ಬೋರ್ಡಿಗಿರೋ ಹಳೇ ಪೆಟ್ಟಿಗೆ ಏನು ಮಾಡೋದು ಅಂದ್ರೆ, ಲೆಕ್ಕ ನೋಡಿ. ವರ್ಷಾನುವರ್ಷ ಮರಿ ಹಾರ್ತಿದ್ರೆ ಮುಟ್ಟಬೇಡಿ, ಅಲ್ಲಿಯ ಜೋಡಿಗೆ ಅದು ಒಗ್ಗಿದೆ. ಮೊಟ್ಟೆ ಇಟ್ಟು ಬಿಟ್ಟು ಹೋಗೋದು ಮತ್ತೆ ಮತ್ತೆ ಆಗ್ತಿದ್ರೆ ಮರಿ ಕಾಲ ಮುಗಿದ ಮೇಲೆ, ಚಳಿಗಾಲದಲ್ಲಿ, ಬಿಚ್ಚಿ ಒಳಗಿನ ಜಲ್ಲಿ ರಸ್ತೆಗೆ ತಗೊಂಡು ಹೋಗಿ ಹಾಕಿ. ಮಧ್ಯ ಸೀಸನ್‌ನಲ್ಲಿ ಬಿಚ್ಚಂಗಿಲ್ಲ, ಕಾಯ್ದೆನೂ ಇದೆ, ಮನುಷ್ಯತ್ವನೂ ಇದೆ.

ಇನ್ನು ಊರಿನ ಸ್ನೇಹಿತರ ಪ್ರಶ್ನೆ. ಹೆಸರಘಟ್ಟದ ಹುಲ್ಲುಗಾವಲಲ್ಲಿ ಚಳಿಗಾಲದಲ್ಲಿ ರೆಕ್ಕೆ ಬಡೀತಾ ಗಾಳೀಲಿ ಒಂದೇ ಕಡೆ ನಿಂತು ಕೆಳಗೆ ನೋಡೋ ಚಾಣ ಇದರ ಸಂಬಂಧಿಕ, ಬೇರೆ ಜಾತಿ. ನಮ್ಮ ಬಯಲುಸೀಮೆಗೆ ಬರೋವು ಹೆಚ್ಚಾಗಿ ವಲಸೆ ಬಂದವು, ಇಲ್ಲಿ ಮೊಟ್ಟೆ ಇಡಲ್ಲ, ಬೇಸಿಗೆಗೆ ಉತ್ತರಕ್ಕೆ ಹೋಗ್ತವೆ. ಪಶ್ಚಿಮ ಘಟ್ಟದಲ್ಲಿ ವರ್ಷಪೂರ್ತಿ ಇರೋ ಒಂದು ಉಪಜಾತಿ ಇದೆ, ಅದಕ್ಕೆ ಬಂಡೆಯ ಸಂದುಗಳಿವೆ. ಹಾಗಾಗಿ ತುಮಕೂರು ರೋಡ್ ಬೋರ್ಡಿಗೆ ಚಾಣಕ್ಕೆ ಅಂತ ಪೆಟ್ಟಿಗೆ ಕಟ್ಟಿದ್ರೆ ಅದರಲ್ಲಿ ಕೂರೋದು ಗೊರವಂಕನೇ. ನಮ್ಮ ಕಡೆ ಚಾಣಕ್ಕೆ ಬೇಕಿರೋದು ಮಿಡತೆ ಇರೋ ಹುಲ್ಲು, ಸೈಟ್ ಆಗದೆ, ಗಿಡ ನೆಡೋ ಉತ್ಸಾಹಕ್ಕೂ ಸಿಗದೆ ಉಳಿದ ಬಯಲು. ಪೆಟ್ಟಿಗೆನೇ ಕಟ್ಬೇಕು ಅಂತ ಕೈ ತುರಿಸ್ತಿದ್ರೆ ಹಾಲಕ್ಕಿಗೋ ಕಣಜದ ಗೂಬೆಗೋ ತೋಟದ ಒಳಗೆ ಕಟ್ಟಿ, ಅವು ಇಲ್ಲೇ ಮರಿ ಮಾಡ್ತವೆ, ಟಾರ್ ರಸ್ತೆಯಿಂದ ಮಾತ್ರ ಆದಷ್ಟು ದೂರ.